ಬಯಲಿನಲ್ಲಿ ತಂಗುವ ಹಕ್ಕಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ನಡುಭಾಗದಲ್ಲಿ ಟೆಕ್ಸಸ್‌ನಿಂದ ಕೆನಡಾದವರೆಗೆ ಚಾಚಿರುವ ಗ್ರೇಟ್ ಪ್ಲೇನ್ಸ್ ಬಯಲಿನ ವಸಂತದ ಹಕ್ಕಿ ವಲಸೆಯ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಅಲ್ಲೇ ನೆಲೆಸಿದ ಕನ್ನಡಿಗರೂ, ಮಕ್ಕಳ ಮನೆಗೆ ಹೋಗಿಬರುವ ಹಿರಿಯರೂ ಬರೆದಿದ್ದಾರೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ಹಕ್ಕಿ ನೋಡುವುದಕ್ಕೆಂದು ಒಂದೇ ವಾರ ಬಿಡುವು ಸಿಗುತ್ತದೆ. ಮಾರ್ಚ್ ಒಳ್ಳೆಯದೋ, ಮೇ ಒಳ್ಳೆಯದೋ?

ಎರಡೂ ಒಳ್ಳೆಯವೇ, ಕಾಣುವ ಹಕ್ಕಿಗಳು ಮಾತ್ರ ಬೇರೆ. ಇಲ್ಲಿ ಫೆಬ್ರವರಿ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಒಂದು ತಂಡ ಎದ್ದುಹೋಗುತ್ತಿದ್ದಂತೆ ಇನ್ನೊಂದು ಬಂದಿಳಿಯುತ್ತಲೇ ಇರುತ್ತದೆ. ಮೊದಲು ಬರುವವು ಹೆಬ್ಬಾತುಗಳು. ನೆಬ್ರಾಸ್ಕದ ಪ್ಲಾಟ್ ನದಿಯ ದಕ್ಷಿಣಕ್ಕೆ ರೇನ್‌ವಾಟರ್ ಬೇಸಿನ್ ಎಂಬ ಪ್ರದೇಶವಿದೆ. ಅಲ್ಲಿನ ತಗ್ಗುಗಳಲ್ಲಿ ಮಂಜುಗಡ್ಡೆ ಕರಗಿ ನೀರು ನಿಂತ ಕೂಡಲೇ ಸ್ನೋ ಹೆಬ್ಬಾತುಗಳೂ ಬಿಳಿಹಣೆಯ ಹೆಬ್ಬಾತುಗಳೂ ಲಕ್ಷಗಟ್ಟಲೆ ಇಳಿಯುತ್ತವೆ, ಮಾರ್ಚ್ ಮಧ್ಯದ ಹೊತ್ತಿಗೆ ಬಹುಪಾಲು ಬಡಗಣಕ್ಕೆ ಹೊರಟಿರುತ್ತವೆ. ಅದೇ ನದಿಯಲ್ಲಿ ಸ್ಯಾಂಡ್‌ಹಿಲ್ ಕ್ರೇನ್ ಎಂಬ ಉದ್ದ ಕಾಲಿನ ಬೂದು ಹಕ್ಕಿಗಳು ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮೊದಲ ವಾರದವರೆಗೆ ತಂಗುತ್ತವೆ, ಅತಿ ಹೆಚ್ಚು ಇರುವುದು ಮಾರ್ಚ್ ಮೂರು-ನಾಲ್ಕನೆಯ ವಾರ. ಏಪ್ರಿಲ್‌ನಲ್ಲಿ ಹುಲ್ಲುಗಾವಲಿನ ಪ್ರೇರಿ ಕೋಳಿಗಳ ಕುಣಿತ, ಹೂಪಿಂಗ್ ಕ್ರೇನ್, ಅರ್ಜೆಂಟೀನದಿಂದ ಮರಳುವ ಸ್ವೇನ್‌ಸನ್ ಗಿಡುಗ. ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಕ್ಯಾನ್ಸಸ್‌ನ ಶಯಾನ್ ಬಾಟಮ್ಸ್ ಮತ್ತು ಕ್ವಿವೀರ ಜೌಗುಗಳಲ್ಲಿ ಕೆಸರಂಚಿನಲ್ಲಿ ಮೇಯುವ ಗೊರವಗಳು, ಮರಗಳಿರುವಲ್ಲಿ ವಾರ್ಬ್ಲರ್ ಎಂಬ ಸಣ್ಣ ಮರಹಕ್ಕಿಗಳು.

ಒಂದೇ ವಾರವೆಂದರೆ ನಾವು ಮಾರ್ಚ್ ಕೊನೆಯ ವಾರವನ್ನೇ ಹೇಳುತ್ತೇವೆ. ನದಿ ಇದ್ದೇ ಇರುತ್ತದೆ, ಕ್ರೇನ್ ಬಂದೇ ಬರುತ್ತದೆ. ಮೇ ತಿಂಗಳ ಗೊರವಗಳು ಹಾಗಲ್ಲ, ಅವು ನೀರನ್ನು ನಂಬಿದವು. ಬರಗಾಲದ ವರ್ಷ ಶಯಾನ್ ಬಾಟಮ್ಸ್‌ನ ಕೆರೆಗಳೇ ಒಣಗಿ ಬಿರುಕು ಬಿಟ್ಟಿರುತ್ತವೆ. ಮೇ ತಿಂಗಳಲ್ಲೇ ಹೋಗಬೇಕಾದರೆ ಹೊರಡುವ ವಾರ, ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಆ ಜಾಗದ ಇತ್ತೀಚಿನ ಪಟ್ಟಿಗಳನ್ನು ನೋಡಿ. ಹತ್ತು ಬಗೆಯ ಗೊರವ ದಾಖಲಾಗಿದ್ದರೆ ನೀರಿದೆ ಎಂದೇ ಅರ್ಥ.

ಗಡಿಯಾರದ ವಿಷಯವೊಂದು ಹಲವರ ಬೆಳಗನ್ನು ಕೆಡಿಸುತ್ತದೆ. ಡೆನ್ವರ್‌ನಿಂದ ಪ್ಲಾಟ್ ದಡದ ಕೀರ್ನಿ ಊರಿಗೆ ಸುಮಾರು 350 ಮೈಲಿ. ದಾರಿಯಲ್ಲಿ ಸಮಯವಲಯ ಬದಲಾಗಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮಾರ್ಚ್ ಎರಡನೆಯ ಭಾನುವಾರ ದೇಶದ ಬಹುಭಾಗ ಗಡಿಯಾರವನ್ನು ಇನ್ನೊಂದು ಗಂಟೆ ಮುಂದಿಡುತ್ತದೆ. ಹಾಗಾಗಿ ಮಾರ್ಚ್ 20ರ ಆಸುಪಾಸಿನಲ್ಲಿ ಅಲ್ಲಿ ಸೂರ್ಯ ಮೂಡುವುದು ಸುಮಾರು 7:40ಕ್ಕೆ. ಹಳೆಯ ಲೇಖನದಲ್ಲಿ ಓದಿದ ಗಂಟೆಯನ್ನು ನಂಬಬೇಡಿ, ಹೋಗುವ ದಿನದ ಸೂರ್ಯೋದಯವನ್ನೇ ನೋಡಿಕೊಂಡು ಲೆಕ್ಕ ಹಾಕಿ.

ಪ್ರಶ್ನೆ: ಕ್ರೇನ್ ನೋಡಲು ಬ್ಲೈಂಡ್‌ನಲ್ಲಿ ಕೂರಬೇಕು ಎನ್ನುತ್ತಾರೆ. ಅಲ್ಲಿ ಏನೇನು ನಡೆಯುತ್ತದೆ? ಬ್ಲೈಂಡ್ ಸಿಗದಿದ್ದರೆ? ಅಂದಹಾಗೆ, ಇವನ್ನು ಕೊಕ್ಕರೆ ಎಂದರೆ ತಪ್ಪೇ?

ಕೊನೆಯದನ್ನು ಮೊದಲು ಮುಗಿಸೋಣ. ಉದ್ದ ಕಾಲು, ಉದ್ದ ಕತ್ತು ಇರುವುದನ್ನೆಲ್ಲ ನಾವು ಕೊಕ್ಕರೆ ಎನ್ನುತ್ತೇವೆ. ಕ್ರೇನ್ ಬೇರೆಯೇ ಕುಲ. ಇದರ ಹಿಂಬೆರಳು ಚಿಕ್ಕದು, ನೆಲದಿಂದ ಮೇಲೆಯೇ ಇರುತ್ತದೆ, ಆದ್ದರಿಂದ ಕೊಂಬೆ ಹಿಡಿದು ಕೂರಲಾಗದು. ಕೊಕ್ಕರೆಗಳಂತೆ ಮರದಲ್ಲಿ ರಾತ್ರಿ ಕಳೆಯಲಾಗದ ಕಾರಣಕ್ಕೇ ಅದಕ್ಕೆ ನದಿ ಬೇಕು. ಇಡೀ ಪ್ಲಾಟ್ ಕಥೆ ಈ ಹಿಂಬೆರಳಿನಲ್ಲೇ ಇದೆ ಎಂದರೂ ತಪ್ಪಿಲ್ಲ.

ರಾತ್ರಿಯಿಡೀ ಅವು ನದಿಯ ಮರಳುದಿಣ್ಣೆಗಳ ಪಕ್ಕದ ಗೇಣುದ್ದದ ನೀರಿನಲ್ಲಿ ನಿಂತಿರುತ್ತವೆ. ಕಯೋಟಿ ನರಿ ಹತ್ತಿರ ಬಂದರೆ ನೀರಿನ ಸದ್ದೇ ಎಚ್ಚರಿಸುತ್ತದೆ. ಸುತ್ತ ಮರಪೊದೆಗಳಿಲ್ಲದ ಅಗಲ ಹರಿವು ಅವಕ್ಕೆ ಬೇಕು. ಮೇಲ್ಭಾಗದ ಅಣೆಕಟ್ಟು, ಕಾಲುವೆಗಳಿಂದ ನೆರೆ ತಗ್ಗಿ ಮರಳುದಿಣ್ಣೆಗಳಲ್ಲಿ ಮರ ಬೆಳೆದಿದೆ. ಅದನ್ನು ಕಡಿದು ತೆರವು ಮಾಡುತ್ತಿರುವ ಕಡೆಗಳಲ್ಲೇ ಹಕ್ಕಿ ಒತ್ತೊತ್ತಾಗಿ ಇಳಿಯುತ್ತದೆ. ಸುಮಾರು 80 ಮೈಲಿ ನದಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಕ್ರೇನ್‌ಗಳು ಸೇರುವುದು ಹೀಗೆ. ಹಗಲಲ್ಲಿ ಕೊಯ್ಲಾದ ಮೆಕ್ಕೆಜೋಳದ ಹೊಲದಲ್ಲಿ ಉದುರಿದ ಕಾಳು, ಒದ್ದೆ ಹುಲ್ಲುಗಾವಲಿನಲ್ಲಿ ಹುಳ, ಬಸವನಹುಳು. ಮೂರು-ನಾಲ್ಕು ವಾರದಲ್ಲಿ ಮೈತೂಕ ಐದರಲ್ಲೊಂದು ಭಾಗದಷ್ಟು ಏರುತ್ತದೆ. ಆ ಕೊಬ್ಬಿನ ಮೇಲೆಯೇ ಕೆನಡಾ, ಅಲಾಸ್ಕ, ಕೆಲವು ಸೈಬೀರಿಯದವರೆಗೂ ಹೋಗುತ್ತವೆ.

ಬ್ಲೈಂಡ್ ಎಂದರೆ ದಡದಲ್ಲಿ ಕಟ್ಟಿರುವ, ಕಿಂಡಿಗಳುಳ್ಳ ಮರದ ಮರೆಮನೆ. ಗಿಬ್ಬನ್ ಊರಿನ ಹತ್ತಿರ ರೋ ಸ್ಯಾಂಕ್ಚುರಿ, ಆಲ್ಡಾ ಹತ್ತಿರ ಕ್ರೇನ್ ಟ್ರಸ್ಟ್, ಎರಡೂ ಮಾರ್ಗದರ್ಶಿಯೊಂದಿಗೆ ಕರೆದೊಯ್ಯುತ್ತವೆ. ತಿಂಗಳುಗಳ ಮೊದಲೇ ಸೀಟು ಕಾಯ್ದಿರಿಸಬೇಕು. ಬೆಳಗಿನ ಸರದಿಯಾದರೆ ಸೂರ್ಯೋದಯಕ್ಕೆ ಒಂದು ಗಂಟೆ ಮೊದಲೇ ಕತ್ತಲಲ್ಲಿ ನಡೆದು ಒಳಸೇರಿರಬೇಕು. ತಡವಾದವರನ್ನು ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಒಮ್ಮೆ ಕೂತರೆ ಎರಡು ಗಂಟೆಗೂ ಹೆಚ್ಚು ಹೊತ್ತು ಏಳುವಂತಿಲ್ಲ, ಆದ್ದರಿಂದ ಹೊರಡುವ ಮುಂಚೆ ಕಾಫಿ ಕಡಿಮೆ ಮಾಡಿ.

ಬಟ್ಟೆಯಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಮಾರ್ಚ್ ಎಂದರೆ ವಸಂತವಲ್ಲವೇ ಎಂದುಕೊಂಡು ತೆಳ್ಳಗೆ ಹೊದ್ದು ಬರುವುದು. ನದಿದಡದಲ್ಲಿ ಮುಂಜಾನೆ ಸೊನ್ನೆಗಿಂತ ಹಲವು ಡಿಗ್ರಿ ಕೆಳಗೆ ಇಳಿಯುವುದು ಮಾಮೂಲು, ಅಲ್ಲಾಡದೆ ಕೂತಾಗ ಮೊದಲು ಮರಗಟ್ಟುವುದು ಪಾದ. ಇನ್ನೊಂದು, ಸರಸರ ಸದ್ದು ಮಾಡುವ ನೈಲಾನ್ ಜಾಕೆಟ್. ಕ್ಯಾಮರಾದಲ್ಲಿ ಫ್ಲ್ಯಾಶ್ ಆರಿಸಿದರೆ ಸಾಲದು. ಫೋಕಸ್‌ಗೆ ಸಹಾಯ ಮಾಡುವ ಕೆಂಪು ದೀಪ, ಪೀಪ್ ಸದ್ದು, ಚಿತ್ರ ತೆಗೆದ ಮೇಲೆ ಹಿಂಬದಿ ಪರದೆ ತಾನೇ ಬೆಳಗುವುದು, ಈ ಮೂರನ್ನೂ ಹಿಂದಿನ ರಾತ್ರಿಯೇ ಬಂದ್ ಮಾಡಿಡಿ. ಕತ್ತಲಲ್ಲಿ ಮೆನು ಹುಡುಕಹೋದರೆ ಆ ಬೆಳಕೇ ಸಾಕು ಸಾವಿರಾರು ಹಕ್ಕಿ ಏಳಲು. ಫೋನ್ ಪೂರ್ತಿ ಆಫ್ ಇರಲಿ.

ಬೆಳಗೋ ಸಂಜೆಯೋ ಎಂದರೆ ನಾವು ಬೆಳಗಿಗೇ ಮತ ಹಾಕುತ್ತೇವೆ. ಸಂಜೆ ಹಕ್ಕಿಗಳು ಎಲ್ಲಿ ಇಳಿಯಬೇಕೆಂದು ತಾವೇ ಆರಿಸುತ್ತವೆ. ಬ್ಲೈಂಡ್‌ನಿಂದ ಅರ್ಧ ಮೈಲಿ ಆಚೆ ಇಳಿದರೆ ನಿಮಗೆ ಸಿಗುವುದು ಆಕಾಶದ ಸಾಲು ಮತ್ತು ಸದ್ದು ಮಾತ್ರ. ಬೆಳಗ್ಗೆ ಅವು ಆಗಲೇ ಮುಂದೆ ನಿಂತಿರುತ್ತವೆ. ಮೋಡ, ಮಂಜು ಅಥವಾ ಕೊರೆವ ಚಳಿ ಇದ್ದರೆ ಸೂರ್ಯ ಹುಟ್ಟಿ ಒಂದೆರಡು ಗಂಟೆಯಾದರೂ ಹೊಲಕ್ಕೆ ಹೋಗದೆ ಅಲ್ಲೇ ಇರುತ್ತವೆ. ಬೋಳುತಲೆ ಹದ್ದು ಒಮ್ಮೆ ಮೇಲೆ ಹಾದರೆ ಮಾತ್ರ ಆ ಗುಂಪೆಲ್ಲ ಒಂದೇ ಏಟಿಗೆ ಎದ್ದು ಹೋಗಬಹುದು. ಅದಕ್ಕೆ ಯಾರೂ ಹೊಣೆಯಲ್ಲ, ಹಣ ವಾಪಸ್ ಕೇಳಬೇಡಿ.

ಸೀಟು ಸಿಗಲಿಲ್ಲವೆಂದು ಪ್ರವಾಸ ರದ್ದು ಮಾಡಬೇಕಿಲ್ಲ. ಫೋರ್ಟ್ ಕೀರ್ನಿಯ ಹತ್ತಿರ ನಡಿಗೆ-ಸೈಕಲ್ ದಾರಿಯ ಹಳೆಯ ರೈಲು ಸೇತುವೆ ಇದೆ, ಗಿಬ್ಬನ್ ಸೇತುವೆಯ ಬಳಿ ಸಾರ್ವಜನಿಕ ಅಟ್ಟಣೆ ಇದೆ. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲೇ ಜಾಗ ಹಿಡಿಯಿರಿ. ಹಗಲಲ್ಲಿ ನದಿಯ ಎರಡೂ ಬದಿಯ ಜಲ್ಲಿರಸ್ತೆಗಳಲ್ಲಿ ನಿಧಾನ ಸಾಗಿದರೆ ಮೆಕ್ಕೆಜೋಳದ ಹೊಲಗಳಲ್ಲಿ ಕ್ರೇನ್ ಇದ್ದೇ ಇರುತ್ತವೆ. ಕಾರಿನಿಂದ ಇಳಿಯಬೇಡಿ. ಕಾರಿಗೆ ಅವು ಹೆದರವು, ಎರಡು ಕಾಲಿನ ಆಕಾರಕ್ಕೆ ಹೆದರುತ್ತವೆ. ತಲೆ ಎತ್ತಿ ಮೇಯುವುದನ್ನು ನಿಲ್ಲಿಸಿದರೆ ನೀವು ಹತ್ತಿರವಾಗಿದ್ದೀರಿ, ಬೆನ್ನು ತಿರುಗಿಸಿ ನಡೆಯತೊಡಗಿದರೆ ತೀರಾ ಹತ್ತಿರ. ಹಾರಿಸಿದ ಪ್ರತಿ ಸಲವೂ ಅವು ಕೂಡಿಟ್ಟ ಕೊಬ್ಬು ಕರಗುತ್ತದೆ.

ಪ್ರಶ್ನೆ: ಕ್ರೇನ್ ಗುಂಪಿನಲ್ಲಿ ಒಂದು ಬಿಳಿ ಹಕ್ಕಿ ಕಂಡರೆ ಅದು ಹೂಪಿಂಗ್ ಕ್ರೇನ್ ಎಂದೇ ಬರೆದುಕೊಳ್ಳಬಹುದೇ?

ಅವಸರ ಬೇಡ. ಟೆಕ್ಸಸ್ ಕರಾವಳಿಯ ಅರಾನ್ಸಸ್‌ನಿಂದ ಕೆನಡಾದ ವುಡ್ ಬಫಲೋ ಉದ್ಯಾನಕ್ಕೆ ಸುಮಾರು 4,000 ಕಿ.ಮೀ. ಹಾರುವ ಈ ಹಕ್ಕಿ 1941ರಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿತ್ತು. ಈಗ ಈ ದಾರಿಯಲ್ಲಿ ಐನೂರಕ್ಕೂ ಹೆಚ್ಚಿವೆ. ಆದರೂ ಬಯಲಿನ ಬಿಳಿ ಹಕ್ಕಿಗಳಲ್ಲಿ ಬಹುಪಾಲು ಬೇರೆಯವೇ.

ಹಾರುವಾಗ ಕತ್ತು ಮುಂದಕ್ಕೂ ಕಾಲು ಹಿಂದಕ್ಕೂ ನೇರ ಚಾಚಿರಬೇಕು, ಕಪ್ಪು ರೆಕ್ಕೆಯ ತುದಿಯಲ್ಲಿ ಮಾತ್ರ ಇರಬೇಕು. ಬಿಳಿ ಪೆಲಿಕನ್‌ನಲ್ಲಿ ರೆಕ್ಕೆಯ ಹಿಂಅಂಚು ಪೂರ್ತಿ ಕಪ್ಪು, ಕತ್ತು ಮಡಚಿಕೊಂಡಿರುತ್ತದೆ. ಸ್ನೋ ಹೆಬ್ಬಾತಿನ ರೆಕ್ಕೆತುದಿಯೂ ಕಪ್ಪೇ, ಆದರೆ ಕಾಲು ಬಾಲದಾಚೆ ಕಾಣುವುದಿಲ್ಲ, ರೆಕ್ಕೆ ಬಡಿತ ಚುರುಕು. ಬೆಳ್ಳಕ್ಕಿಯಲ್ಲಿ ಕಪ್ಪೇ ಇಲ್ಲ. ನೆಲದ ಮೇಲೆ ನಿಂತಾಗ ಮಡಚಿದ ರೆಕ್ಕೆಯಲ್ಲಿ ಕಪ್ಪು ಬಹುಮಟ್ಟಿಗೆ ಮುಚ್ಚಿರುತ್ತದೆ, ಆಗ ಎತ್ತರ ನೋಡಿ: ಸುಮಾರು ಐದು ಅಡಿ, ಪಕ್ಕದ ಸ್ಯಾಂಡ್‌ಹಿಲ್ ಕ್ರೇನ್‌ಗಿಂತ ತಲೆಯಷ್ಟು ಮೇಲೆ. ದಿನಾಂಕವೂ ಸಾಕ್ಷಿಯೇ. ಬಯಲಿನ ಮಧ್ಯಭಾಗದಲ್ಲಿ ಇವು ಹೆಚ್ಚಾಗಿ ಹಾಯುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಪೂರ್ತಿ.

ಖಚಿತವಾದರೆ ಇದ್ದಲ್ಲೇ ನಿಲ್ಲಿ, ಹತ್ತಿರ ಹೋಗಬೇಡಿ. ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಿ. ಎಲ್ಲಿದೆ ಎಂಬುದನ್ನು ಅದು ಹೊರಟುಹೋಗುವವರೆಗೆ ಎಲ್ಲೂ ಹಾಕಬೇಡಿ. ಅಳಿವಿನಂಚಿನ ಜೀವಿಗಳ ಕಾಯಿದೆಯಡಿ ಇದಕ್ಕೆ ಕಿರುಕುಳ ಕೊಡುವುದೂ ಅಪರಾಧ.

ಪ್ರಶ್ನೆ: ಕ್ರೇನ್ ನಿಂತಿದ್ದ ಹೊಲದಂಚಿನಲ್ಲಿ ಬೂದುಬಣ್ಣದ ಗರಿ ಬಿದ್ದಿತ್ತು. ಮೊಮ್ಮಗನಿಗೆ ಕೊಡಬಹುದೇ?

ಕೊಡಬಾರದು. 1918ರ ವಲಸೆ ಹಕ್ಕಿಗಳ ಒಪ್ಪಂದ ಕಾಯಿದೆಯಡಿ ಬಿದ್ದ ಗರಿಯನ್ನೂ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಗರಿಯಾಗಿ ಸಿಕ್ಕಿತೋ ಕೊಂದು ಕಿತ್ತಿದ್ದೋ ಎಂದು ಸಾಬೀತು ಮಾಡುವ ದಾರಿ ಇಲ್ಲದ್ದರಿಂದ ಈ ಬಿಗಿ. ಚಿತ್ರ ತೆಗೆದು ಅಲ್ಲೇ ಬಿಡಿ. ಇನ್ನು ಸತ್ತ ಅಥವಾ ತೂರಾಡುವ ಹೆಬ್ಬಾತು ಕಂಡರೆ ಕೈ ತಾಕಿಸಲೇಬೇಡಿ, ನಾಯಿಯನ್ನೂ ಬಿಡಬೇಡಿ. 2022ರಿಂದ ಹಕ್ಕಿಜ್ವರ ಅಲ್ಲಿನ ಕಾಡುಹಕ್ಕಿಗಳಲ್ಲೂ ಹರಡಿದೆ, ಸ್ನೋ ಹೆಬ್ಬಾತುಗಳು ಹೆಚ್ಚು ಸತ್ತಿವೆ.

ಪ್ರಶ್ನೆ: 10×42 ದುರ್ಬೀನು ಕೊಂಡೆ. ಗಾಳಿಯಲ್ಲಿ ಏನೂ ನಿಲ್ಲುವುದಿಲ್ಲ. ಟ್ರೈಪಾಡ್ ಮೇಲಿಡುವ ಒಂಟಿಕಣ್ಣಿನ ದೂರದರ್ಶಕ ಸ್ಕೋಪ್‌ನಲ್ಲಿ ನೋಡಿದರೆ ಹಕ್ಕಿ ನೀರಿನೊಳಗಿನ ಚಿತ್ರದಂತೆ ಕುಣಿಯುತ್ತದೆ. ಸಾಮಾನು ಕೆಟ್ಟಿದೆಯೇ?

ಸಾಮಾನು ಸರಿಯಾಗಿದೆ. ಬಯಲಿನ ಗಾಳಿಯಲ್ಲಿ ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಅತಿಯಾಯಿತು, ಎಂಟು ಪಟ್ಟಿನ 8×42 ನೆಮ್ಮದಿ. ಆಗಲೇ ಕೊಂಡಿರುವುದರಿಂದ ಮೊಣಕೈಯನ್ನು ಕಾರಿನ ಬಾಗಿಲಿಗೋ ಬೇಲಿಗೂಟಕ್ಕೋ ಒರಗಿಸಿ ನೋಡಿ, ಇಲ್ಲವೇ ನೆಲಕ್ಕೆ ಕೂತು ಮೊಣಕಾಲಿಗೆ ಊರಿ.

ಕುಣಿತಕ್ಕೆ ಕಾರಣ ಬಿಸಿಲ್ಗುದುರೆ. ನೆಲ ಕಾದು ಗಾಳಿಯ ಪದರಗಳು ಅಲುಗಾಡಿದಾಗ ಬೆಳಕು ಬಾಗುತ್ತದೆ. ಮಸೂರ ಎಷ್ಟೇ ದುಬಾರಿಯಾಗಿರಲಿ ಇದನ್ನು ತಿದ್ದಲಾರದು. ಸ್ಕೋಪ್ 20–60 ಪಟ್ಟಿನದಾದರೆ 25–30ರಲ್ಲೇ ಇಡಿ. 60ಕ್ಕೆ ಏರಿಸಿದರೆ ಅಲುಗಾಟವೂ ಅಷ್ಟೇ ಪಟ್ಟು ಏರುತ್ತದೆ. ಬಿಸಿಲಿನ ದಿನ ದೂರದ ಗೊರವಗಳನ್ನು ಗುರುತಿಸುವ ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಯಬೇಕು. ಆಮೇಲೆ ಹತ್ತಿರದ ಹಕ್ಕಿ ನೋಡಿ.

ಜನ ಮರೆಯುವ ಇನ್ನೊಂದು ಬಿಸಿಲ್ಗುದುರೆ ಕಾರಿನೊಳಗೇ ಇರುತ್ತದೆ. ಚಳಿಯ ಬೆಳಗ್ಗೆ ಹೀಟರ್ ಹಾಕಿಕೊಂಡು ಬಂದು ಕಿಟಕಿ ಇಳಿಸಿದರೆ ಒಳಗಿನ ಬಿಸಿಗಾಳಿ ಕಿಟಕಿಯಿಂದ ಹೊರಗೆ ಹರಿಯುತ್ತದೆ, ನೀವು ನೋಡುವುದು ಅದರ ಮೂಲಕವೇ. ಹೀಟರ್ ಆರಿಸಿ, ಎರಡೂ ಬದಿಯ ಕಿಟಕಿ ತೆರೆದು ಐದು ನಿಮಿಷ ಬಿಡಿ. ಕಾದ ಬಾನೆಟ್ ಮೇಲಿಂದ ಹಾಯುವಂತೆ ನೋಡಬೇಡಿ. ಎಂಜಿನ್ ಆರಿಸಿ, ಅದರ ನಡುಕ ಸ್ಕೋಪ್‌ಗೆ ಬರುತ್ತದೆ.

ಟ್ರೈಪಾಡ್‌ನ ನಡುಗಂಬ ಏರಿಸಬೇಡಿ. ಕಾಲುಗಳನ್ನು ಅಗಲಿಸಿ ತಗ್ಗಿಸಿ, ಒಂದು ಕಾಲು ಗಾಳಿ ಹೋಗುವ ದಿಕ್ಕಿಗೆ ಇರಲಿ, ಚೀಲವನ್ನು ನೆಲ ತಾಗುವಂತೆ ತೂಗುಹಾಕಿ. ಪೂರ್ತಿ ನೇತಾಡುವ ಚೀಲ ಗಾಳಿಗೆ ತೂಗಿ ಇನ್ನಷ್ಟು ಅಲುಗಿಸುತ್ತದೆ. ಬಿಟ್ಟು ಹತ್ತು ಹೆಜ್ಜೆ ದೂರ ಹೋಗಬೇಡಿ, ಒಂದು ರಭಸಕ್ಕೆ ಸ್ಕೋಪ್ ಜಲ್ಲಿಗೆ ಬಿದ್ದಿರುತ್ತದೆ.

ಪ್ರಶ್ನೆ: ಶಯಾನ್ ಬಾಟಮ್ಸ್‌ನಲ್ಲಿ ಗುಬ್ಬಿ ಗಾತ್ರದ ಗೊರವಗಳು ಸಾವಿರಾರು. ಎಲ್ಲವೂ ಒಂದೇ ತರಹ. ಎಲ್ಲಿಂದ ಶುರು ಮಾಡುವುದು?

ಕಾಲಿನಿಂದಲ್ಲ. ಪುಸ್ತಕಗಳೆಲ್ಲ ಕಾಲಿನ ಬಣ್ಣದಿಂದ ಶುರು ಮಾಡುತ್ತವೆ, ಕೆಸರಲ್ಲಿ ಓಡಾಡಿದ ಹಕ್ಕಿಯ ಹಳದಿ ಕಾಲು ಕಪ್ಪಾಗಿರುತ್ತದೆ. ಮೊದಲು ಹಿಂತುದಿ ನೋಡಿ. ಮಡಚಿದ ರೆಕ್ಕೆ ಬಾಲ ದಾಟಿ ಕತ್ತರಿಯಂತೆ ಹಿಂದಕ್ಕೆ ಚಾಚಿದೆಯೇ? ಚಾಚಿದ್ದರೆ ಬಿಳಿಸೊಂಟದ ಸ್ಯಾಂಡ್‌ಪೈಪರ್ ಅಥವಾ ಬೇರ್ಡ್ ಸ್ಯಾಂಡ್‌ಪೈಪರ್, ಎರಡೂ ಸುಮಾರು 18 ಸೆಂ.ಮೀ. ಉದ್ದದವು, ನೀಳಮೈ. ಚಾಚಿಲ್ಲದಿದ್ದರೆ 15 ಸೆಂ.ಮೀ. ಆಸುಪಾಸಿನ ಮೂರರಲ್ಲಿ ಒಂದು: ಲೀಸ್ಟ್, ಸೆಮಿಪಾಮೇಟೆಡ್, ವೆಸ್ಟರ್ನ್. ಈ ಒಂದು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯಿತು.

ನೀಳಮೈಯವೆರಡರಲ್ಲಿ ಬೇರ್ಡ್ ಒಣಹುಲ್ಲಿನ ಬಣ್ಣದ್ದು, ಎದೆಯಲ್ಲಿ ಕಂದು ಪಟ್ಟಿ, ಬೆನ್ನು ಚಿಪ್ಪುಚಿಪ್ಪು, ಪಕ್ಕೆಯಲ್ಲಿ ಗೆರೆ ಇಲ್ಲ. ನೀರಿಗಿಂತ ನೀರಿನಂಚಿನ ಒಣ ಭಾಗ ಅದಕ್ಕೆ ಇಷ್ಟ. ಬಿಳಿಸೊಂಟದ್ದು ಬೂದು, ಎದೆಯ ಗೆರೆಗಳು ಪಕ್ಕೆಯುದ್ದಕ್ಕೂ ಹಿಂದಕ್ಕೆ ಓಡುತ್ತವೆ, ಹಾರಿದಾಗ ಬಾಲದ ಬುಡ ಬೆಳ್ಳಗೆ. ದಿನಾಂಕ ಇಲ್ಲಿ ದೊಡ್ಡ ಸಹಾಯ. ಬೇರ್ಡ್ ಮುಂಚೆ ಬರುವುದು, ಮಾರ್ಚ್ ಕೊನೆಯಿಂದ ಏಪ್ರಿಲ್‌ನಲ್ಲಿ ಹೆಚ್ಚು. ಬಿಳಿಸೊಂಟದ್ದು ದಕ್ಷಿಣ ಅಮೆರಿಕದ ತುತ್ತತುದಿಯಿಂದ ಹೊರಟು ಕೊನೆಗೆ ಬರುವುದು, ಮೇ ಮಧ್ಯದಿಂದ ಜೂನ್ ಮೊದಲ ವಾರ.

ಗಿಡ್ಡಮೈಯ ಮೂರರಲ್ಲಿ ಲೀಸ್ಟ್ ಕಂದು ಬಣ್ಣದ್ದು, ಕೊಕ್ಕು ಸಣ್ಣ, ತುದಿ ತುಸು ಬಾಗು, ಕುಕ್ಕುರುಗಾಲಲ್ಲಿ ಕೂತಂತೆ ನಡೆದು ಹುಲ್ಲಂಚಿನಲ್ಲಿ ಮೇಯುತ್ತದೆ. ಸೆಮಿಪಾಮೇಟೆಡ್ ಬೂದು, ಕೊಕ್ಕು ನೇರ, ಮೊಂಡು. ವೆಸ್ಟರ್ನ್‌ಗೆ ಕೊಕ್ಕು ಉದ್ದ, ತುದಿಯಲ್ಲಿ ಇಳಿಬಾಗು, ವಸಂತದಲ್ಲಿ ಹೆಗಲ ಗರಿ, ನೆತ್ತಿ, ಕೆನ್ನೆಯಲ್ಲಿ ಇಟ್ಟಿಗೆಗೆಂಪು. ಉದ್ದ ಕೊಕ್ಕಿನ ಸೆಮಿಪಾಮೇಟೆಡ್ ಹೆಣ್ಣುಗಳಿವೆ, ಕೊಕ್ಕೊಂದನ್ನೇ ನಂಬಿ ವೆಸ್ಟರ್ನ್ ಎನ್ನಬೇಡಿ. ಗೊತ್ತಾಗದಿದ್ದರೆ ಇ-ಬರ್ಡ್‌ನಲ್ಲಿ ಜಾತಿ ಹೇಳದೆ ‘ಸಣ್ಣ ಗೊರವ’ ಎಂದು ದಾಖಲಿಸುವ ಅವಕಾಶ ಇದೆ. ನುರಿತವರು ಅದನ್ನು ಹೊಸಬರಿಗಿಂತ ಹೆಚ್ಚು ಬಳಸುತ್ತಾರೆ.

ಆಳವನ್ನೂ ಗಮನಿಸಿ. ಇವೆಲ್ಲ ಇಲ್ಲಿಗೆ ಬರುವುದು ಕೆಸರಿನಲ್ಲಿರುವ ಮಿಡ್ಜ್ ನೊಣಗಳ ಕೆಂಪು ಮರಿಹುಳಕ್ಕಾಗಿ, ಎಷ್ಟು ಆಳಕ್ಕೆ ಇಳಿಯಬಹುದು ಎಂಬುದನ್ನು ಕಾಲು ನಿರ್ಧರಿಸುತ್ತದೆ. ಮೇಲೆ ಹೇಳಿದ ಐದೂ ಹಸಿ ಕೆಸರಿನಿಂದ ಎರಡು-ಮೂರು ಸೆಂ.ಮೀ. ನೀರಿನವರೆಗೆ. ಹೊಟ್ಟೆ ತಾಗುವ ನೀರಲ್ಲಿ ನಿಂತು ಹೊಲಿಗೆಯಂತ್ರದ ಸೂಜಿಯಂತೆ ಕೊಕ್ಕು ಚುಚ್ಚುತ್ತಿದ್ದರೆ ಡೌಟಿಚರ್. ಇನ್ನೂ ಆಳದಲ್ಲಿ, ಕೊಕ್ಕು ಮೇಲಕ್ಕೆ ಬಾಗಿದ್ದರೆ ಹಡ್ಸೋನಿಯನ್ ಗಾಡ್‌ವಿಟ್. ಈಜುತ್ತ ಬುಗುರಿಯಂತೆ ಸುತ್ತುತ್ತಿದ್ದರೆ ವಿಲ್ಸನ್ ಫ್ಯಾಲರೋಪ್. ಅದರಲ್ಲಿ ಬಣ್ಣದ ಸೊಬಗೆಲ್ಲ ಹೆಣ್ಣಿನದು, ಮೊಟ್ಟೆಗೆ ಕಾವು ಕೊಡುವುದು ಗಂಡು.

ಒಡ್ಡಿನ ಮೇಲಿನ ರಸ್ತೆಯಲ್ಲಿ ಕಾರು ಓಡಿಸುವಾಗ ಬೆಳಗ್ಗೆ ನೀರು ನಿಮ್ಮ ಪಡುವಣಕ್ಕೆ ಇರುವಂತೆ ದಾರಿ ಆರಿಸಿ. ಎದುರು ಬಿಸಿಲಲ್ಲಿ ಗೊರವವೆಲ್ಲ ಕಪ್ಪು ನೆರಳು.

ಪ್ರಶ್ನೆ: ಮರವೇ ಇಲ್ಲದ ಬಯಲಲ್ಲಿ ವಾರ್ಬ್ಲರ್‌ನಂಥ ಮರಹಕ್ಕಿ ಸಿಗುತ್ತದೆಯೇ? ಹವಾಮಾನ ರಾಡಾರ್‌ನಲ್ಲಿ ಭಾರಿ ವಲಸೆ ತೋರಿಸಿದ ಮರುದಿನ ಬೆಳಗ್ಗೆ ಹೋದರೆ ಒಂದೂ ಇರಲಿಲ್ಲ.

ಮರ ಕಡಿಮೆ ಇರುವುದೇ ಇಲ್ಲಿನ ಅನುಕೂಲ. ಇರುಳೆಲ್ಲ ಹಾರಿದ ಸಣ್ಣ ಹಕ್ಕಿಗೆ ಬೆಳಗಾದಾಗ ಸುತ್ತ ಹುಲ್ಲು, ಹೊಲ. ಮೈಲಿ ದೂರದಲ್ಲೊಂದು ಮರಗುಂಪು ಕಂಡರೆ ಎಲ್ಲವೂ ಅಲ್ಲಿಗೇ. ಹಳ್ಳಿಯ ಸ್ಮಶಾನ, ತೊರೆಯಂಚಿನ ಕಾಟನ್‌ವುಡ್ ಮರಗಳು, ಹೊಲದ ಗಾಳಿತಡೆ ಸಾಲುಗಳು, ಇವೇ ತಾಣಗಳು. ಈ ಸಾಲುಗಳಲ್ಲಿ ಹಳೆಯವು ಹಲವು 1930ರ ದಶಕದ ಧೂಳುಗಾಳಿಯ ಬರದಲ್ಲಿ ಸರ್ಕಾರ ನೆಡಿಸಿದವು. 1942ರವರೆಗೆ ಸುಮಾರು 22 ಕೋಟಿ ಗಿಡ ನೆಟ್ಟರು. ಮಣ್ಣು ಉಳಿಸಲು ನೆಟ್ಟದ್ದು ವಾರ್ಬ್ಲರ್‌ಗೆ ಛತ್ರವಾಯಿತು.

ರಾಡಾರ್ ತೋರಿಸುವುದು ಹಾರುತ್ತಿರುವ ಹಕ್ಕಿಯನ್ನು, ಇಳಿದ ಹಕ್ಕಿಯನ್ನಲ್ಲ. ಬರ್ಡ್‌ಕಾಸ್ಟ್ ತಾಣ ರಾತ್ರಿಯ ವಲಸೆಯ ಮುನ್ಸೂಚನೆಯನ್ನೂ ನೇರ ಲೆಕ್ಕವನ್ನೂ ಕೊಡುತ್ತದೆ, ಎರಡೂ ಉಪಯುಕ್ತವೇ. ಆದರೆ ತಿಳಿಯಾಕಾಶ, ರಾತ್ರಿಯಿಡೀ ತೆಂಕಣ ಗಾಳಿ ಬೆನ್ನಿಗಿದ್ದರೆ ಅವು ನಿಮ್ಮ ತಲೆಮೇಲೆ ಹಾದು ನೂರಾರು ಮೈಲಿ ಮುಂದೆ ಹೋಗಿರುತ್ತವೆ. ನಿಮಗಾದದ್ದು ಇದೇ. ಬೇಕಾದದ್ದು ಎರಡು ಕೂಡಿದ ರಾತ್ರಿ: ಸಂಜೆ ತೆಂಕಣ ಗಾಳಿಯಲ್ಲಿ ಭಾರಿ ಸಂಖ್ಯೆ ಹೊರಟಿರಬೇಕು, ನಡುರಾತ್ರಿಯಿಂದ ಬೆಳಗಿನೊಳಗೆ ನಿಮ್ಮ ಊರಿನ ಮೇಲೆ ಮಳೆ ಅಥವಾ ಬಡಗಣದ ಶೀತಗಾಳಿ ಅಡ್ಡಬಂದಿರಬೇಕು. ಮೇ ಮೊದಲೆರಡು ವಾರಗಳಲ್ಲಿ ಅಂಥ ಬೆಳಗು ಬಂದರೆ ಕೆಲಸಕ್ಕೆ ರಜೆ ಹಾಕುವುದೂ ತಪ್ಪಲ್ಲ.

ಹೋದ ಮೇಲೆ ಮರತುದಿ ನೋಡುತ್ತ ಕತ್ತು ನೋಯಿಸಿಕೊಳ್ಳಬೇಡಿ. ಗಾಳಿ ಬಡಿಯದ ಬದಿಗೆ ಹೋಗಿ, ಅದರಲ್ಲೂ ಬೆಳಗಿನ ಬಿಸಿಲು ಬೀಳುವ ಅಂಚಿಗೆ. ಚಳಿಗೆ ಹುಳ ಮರದ ಮೇಲೆ ಏಳದಿದ್ದಾಗ ವಾರ್ಬ್ಲರ್‌ಗಳು ಪೊದೆಯ ಬುಡದಲ್ಲಿ, ನೆಲದ ಎಲೆಯಲ್ಲೂ ಮೇಯುತ್ತವೆ. ಒಂದೆಡೆ ಹದಿನೈದು ನಿಮಿಷ ನಿಲ್ಲಿ, ಅವು ಸುತ್ತಿ ಬರುತ್ತವೆ.

ಪ್ರಶ್ನೆ: ಕೊಲೊರಾಡೊದ ಪೌನಿ ಹುಲ್ಲುಗಾವಲಿನಲ್ಲಿ ಲಾಂಗ್‌ಸ್ಪರ್ ಎಂಬ ಗುಬ್ಬಿಯಂಥ ನೆಲದ ಹಕ್ಕಿಗಳು ಎದ್ದು ಹಾರಿದ್ದಷ್ಟೇ ಕಾಣುತ್ತದೆ. ಮೌಂಟನ್ ಪ್ಲವರ್ ಅಂತೂ ಇಲ್ಲವೇ ಇಲ್ಲ.

ಹಾರುವಾಗಲೇ ಲಾಂಗ್‌ಸ್ಪರ್ ಗುರುತಿಸುವುದು, ಬಾಲದಿಂದ. ಹರಡಿದ ಬಿಳಿ ಬಾಲದಲ್ಲಿ ಕಪ್ಪು ತ್ರಿಕೋನ ಕಂಡರೆ ಚೆಸ್ಟ್‌ನಟ್-ಕಾಲರ್ಡ್. ಕಪ್ಪು ತಲೆಕೆಳಗಾದ ಟಿ ಅಕ್ಷರದಂತಿದ್ದರೆ ಥಿಕ್-ಬಿಲ್ಡ್ (ಹಳೆಯ ಪುಸ್ತಕಗಳಲ್ಲಿ ಮೆಕೌನ್ ಲಾಂಗ್‌ಸ್ಪರ್, 2020ರಲ್ಲಿ ಹೆಸರು ಬದಲಾಯಿತು). ಬಾಲ ಕಪ್ಪಾಗಿ ಅಂಚು ಮಾತ್ರ ಬಿಳಿಯಾದರೆ ಲ್ಯಾಪ್‌ಲ್ಯಾಂಡ್, ಅದು ಚಳಿಗಾಲದ ಅತಿಥಿ.

ಮೌಂಟನ್ ಪ್ಲವರ್ ಹೆಸರಿಗೆ ಮಾತ್ರ ಬೆಟ್ಟದ್ದು. ಇರುವುದು ಚಪ್ಪಟೆ ಬೋಳುನೆಲದಲ್ಲಿ, ಪ್ರೇರಿ ನಾಯಿಗಳು (ನಾಯಿಯಲ್ಲ, ಬಿಲದಲ್ಲಿರುವ ಅಳಿಲಿನ ಜಾತಿ) ಹುಲ್ಲು ಕತ್ತರಿಸಿದ ಕಡೆ, ದನ ಮೇದ ಕಡೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಹುಡುಕಲು ಸುಲಭ, ಆಮೇಲೆ ಗೂಡಿನ ಮೇಲೆ ಅಡಗುತ್ತದೆ. ಬೆನ್ನು ನಿಮ್ಮ ಕಡೆಗಿದ್ದರೆ ಮಣ್ಣಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸ್ಕೋಪ್ ಅನ್ನು ನಿಧಾನ ತಿರುಗಿಸುತ್ತ ಚಲನೆ ಹುಡುಕಿ: ಓಟ, ತಟ್ಟನೆ ನಿಲುಗಡೆ, ಮತ್ತೆ ಓಟ. ತಿರುಗಿದ ಕ್ಷಣ ಬಿಳಿ ಎದೆ ಮಿಂಚುತ್ತದೆ.

ಪ್ರಶ್ನೆ: ಹಳ್ಳಿಯ ಮಣ್ಣುರಸ್ತೆಗಳಲ್ಲಿ ಸುತ್ತಲು ಏನು ಎಚ್ಚರಿಕೆ ಬೇಕು?

ಬಯಲಿನ ಬಹುಭಾಗ ಮೈಲಿಗೊಂದು ರಸ್ತೆಯಂತೆ ಚೌಕಳಿಯಾಗಿದೆ, ದಾರಿ ತಪ್ಪುವುದು ಕಷ್ಟ, ಸಿಕ್ಕಿಬೀಳುವುದು ಸುಲಭ. ‘ಮಿನಿಮಮ್ ಮೇಂಟೆನೆನ್ಸ್’ ಎಂಬ ಫಲಕವಿದ್ದರೆ ಅಲ್ಲಿ ಜಲ್ಲಿ ಇಲ್ಲ. ನಮ್ಮ ಎರೆಮಣ್ಣಿನಂತೆಯೇ ಅದು ನೆನೆದರೆ ಚಕ್ರಕ್ಕೆ ಮೆತ್ತಿಕೊಂಡು ಸೋಪಿನಂತೆ ಜಾರುತ್ತದೆ, ನಾಲ್ಕೂ ಚಕ್ರ ತಿರುಗುವ ಗಾಡಿಯೂ ಚರಂಡಿಗೆ ಇಳಿಯುತ್ತದೆ. ಮಳೆಯ ಮರುದಿನ ಹೋಗಬೇಡಿ, ಮ್ಯಾಪ್ ಆ್ಯಪ್ ಅದೇ ಹತ್ತಿರದ ದಾರಿ ಎಂದರೂ. ದಿಬ್ಬದ ನೆತ್ತಿಯಲ್ಲಿ ನಿಲ್ಲಿಸಬೇಡಿ, ಆಚೆಯಿಂದ ಧಾನ್ಯದ ಲಾರಿ ಬರುತ್ತಿರುತ್ತದೆ. ಒಣಹುಲ್ಲಿನ ಮೇಲೂ ನಿಲ್ಲಿಸಬೇಡಿ, ಕಾದ ಸೈಲೆನ್ಸರ್‌ನಿಂದ ಬೆಂಕಿ ಹತ್ತುತ್ತದೆ. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಇಳಿದಾಗಲೇ ತುಂಬಿಸಿ.

ಬೇಲಿ ದಾಟುವುದು ಅತಿಕ್ರಮಣ, ಫಲಕ ಇರಲಿ ಬಿಡಲಿ. ಟೆಕ್ಸಸ್‌ನಲ್ಲಿ ಕಂಬಕ್ಕೆ ಬಳಿದ ನೇರಳೆ ಬಣ್ಣವೇ ‘ಪ್ರವೇಶವಿಲ್ಲ’ ಎಂಬ ಫಲಕಕ್ಕೆ ಸಮ. ರೈತರು ಗಾಡಿ ನಿಲ್ಲಿಸಿ ಏನೆಂದು ಕೇಳುವುದು ಬಹುಮಟ್ಟಿಗೆ ನೆರವಿಗೇ. ಹಕ್ಕಿ ನೋಡುತ್ತಿದ್ದೇವೆ ಎಂದರೆ ಒಳ್ಳೆಯ ಜಾಗವನ್ನೂ ಹೇಳಿಯಾರು. ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ಹುಲ್ಲುಗಾವಲಿಗೆ ಬೇಕೆಂದೇ ಬೆಂಕಿ ಕೊಡುತ್ತಾರೆ. ರಸ್ತೆಗೆ ಹೊಗೆ ಅಡ್ಡವಿದ್ದರೆ ಹಿಂದಿರುಗಿ. ಕೆಲವು ದಿನ ಬಿಟ್ಟು ಆ ಕರಿನೆಲಕ್ಕೇ ಹೋಗಿ, ಅಮೆರಿಕನ್ ಗೋಲ್ಡನ್ ಪ್ಲವರ್‌ಗಳು ಅಲ್ಲೇ ಇಳಿದಿರುತ್ತವೆ. ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟಿದರೆ ಸ್ಕೋಪ್ ಬಿಟ್ಟಾದರೂ ಸರಿ, ಮೊದಲು ಕಾರಿನೊಳಗೆ ಸೇರಿ.

ಪ್ರಶ್ನೆ: ಆಕಾಶ ತುಂಬ ಕ್ರೇನ್ ಹಾರುವಾಗ ಪಟ್ಟಿಯಲ್ಲಿ ಎಷ್ಟು ಎಂದು ಬರೆಯುವುದು?

ಹತ್ತನ್ನು ಒಂದೊಂದಾಗಿ ಎಣಿಸಿ, ಅದು ಎಷ್ಟು ಜಾಗ ಹಿಡಿಯಿತೆಂದು ಕಣ್ಣಲ್ಲಿ ಇಟ್ಟುಕೊಳ್ಳಿ. ಅಂಥ ಹತ್ತು ಸೇರಿಸಿ ನೂರು, ಆ ನೂರರ ತುಂಡಿನಿಂದ ಗುಂಪನ್ನು ಅಳೆಯಿರಿ. ದಟ್ಟ ಭಾಗಕ್ಕೂ ತೆಳು ಭಾಗಕ್ಕೂ ಬೇರೆ ಬೇರೆ ತುಂಡು ಬೇಕು, ಎಲ್ಲಕ್ಕೂ ಒಂದೇ ಅಳತೆ ಹಾಕಿದಾಗಲೇ ಲೆಕ್ಕ ತಪ್ಪುವುದು. ಸಾಲುಸಾಲಾಗಿ ಹಾಯುತ್ತಿದ್ದರೆ ಒಂದು ಕಂಬವನ್ನು ಗುರುತಾಗಿಟ್ಟು ಒಂದು ನಿಮಿಷದಲ್ಲಿ ದಾಟಿದ್ದನ್ನು ಎಣಿಸಿ, ಹತ್ತು ನಿಮಿಷಕ್ಕೊಮ್ಮೆ ಮತ್ತೆ ಎಣಿಸಿ, ಸರಾಸರಿಯನ್ನು ಒಟ್ಟು ನಿಮಿಷಗಳಿಂದ ಗುಣಿಸಿ. ಹೊಸಬರು ಸಾಮಾನ್ಯವಾಗಿ ಕಡಿಮೆ ಎಣಿಸುತ್ತಾರೆ. ಒಂದು ಚಿತ್ರ ತೆಗೆದು ಮನೆಯಲ್ಲಿ ಚುಕ್ಕೆ ಇಟ್ಟು ಎಣಿಸಿದರೆ ನಿಮ್ಮ ಕಣ್ಣು ಎಷ್ಟು ತಪ್ಪುತ್ತದೆ ಎಂದು ಗೊತ್ತಾಗುತ್ತದೆ. ಸಂಖ್ಯೆಯ ಬದಲು ‘ಇತ್ತು’ ಎಂದಷ್ಟೇ ಗುರುತು ಹಾಕುವುದಕ್ಕಿಂತ 8,000 ಎಂಬ ಒರಟು ಅಂದಾಜು ಸಾವಿರ ಪಾಲು ಉಪಯೋಗ. ಟಿಪ್ಪಣಿಯಲ್ಲಿ ‘ನೂರರ ತುಂಡಿನಲ್ಲಿ ಅಂದಾಜು’ ಎಂದು ಸೇರಿಸಿದರೆ ಸಾಕು.